ಬದಿಯಡ್ಕದಿಂದ ಬಲ್ಮಠಕ್ಕೆ: ಮನಶ್ಶಾಸ್ತ್ರಜ್ಞೆಯ ಬಳಿ ಹದಿನಾಲ್ಕು ಭೇಟಿ

ಮೊದಲೇ ಹೇಳಿಬಿಡುತ್ತೇನೆ: ಹೋದದ್ದು ಸಾರ್ಥಕವಾಯಿತು. ಆದರೆ ಮೊದಲ ಎರಡು ಭೇಟಿಗಳಲ್ಲಿ ಹಾಗೆ ಅನ್ನಿಸಿರಲಿಲ್ಲ. ನಾಲ್ಕನೆಯದು ಮುಗಿದಾಗಲಂತೂ ಇನ್ನು ಈ ಮೆಟ್ಟಿಲು ಹತ್ತುವುದೇ ಬೇಡ ಎಂದುಕೊಂಡು ಮನೆಗೆ ಬಂದಿದ್ದೆ. ಇದು ಹೀಗೇ ಇರುತ್ತದೆ, ಸ್ವಲ್ಪ ತಡೆದುಕೊಳ್ಳಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಒಳ್ಳೆಯದಿತ್ತು. ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆ ಒಳ್ಳೆಯ ಕಣ್ಣಿನ ಡಾಕ್ಟರು ಯಾರು, ಮಂಡಿನೋವಿಗೆ ಯಾರ ಎಣ್ಣೆ ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹೇಳುತ್ತಾರೆ. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೋಗಿ ಬಂದವರು ಹೋದೆವು ಎನ್ನುವುದೂ ಇಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ನನಗೆ ನಲವತ್ತಮೂರು ವರ್ಷ. ಊರಿನ ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಮನೆಯಲ್ಲಿ ಅಮ್ಮ, ಹೆಂಡತಿ, ಒಬ್ಬ ಮಗಳು, ಎರಡು ಎಕರೆ ಅಡಿಕೆ ತೋಟ. 2023ರ ನವೆಂಬರಿನ ಒಂದು ಸೋಮವಾರ ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದಾಗ ಎದೆ ಹೊಡೆದುಕೊಳ್ಳಲು ಆರಂಭವಾಯಿತು. ಬೆರಳ ತುದಿಗಳು ಜುಮುಗುಟ್ಟಿದವು, ಗಂಟಲು ಕಟ್ಟಿತು, ಎದುರಿಗಿದ್ದವರ ಮುಖ ದೂರ ಹೋದ ಹಾಗಾಯಿತು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸಹೋದ್ಯೋಗಿಗಳು ಕಾರಿನಲ್ಲಿ ಹಾಕಿಕೊಂಡು ಓಡಿದರು. ಇಸಿಜಿ ಸರಿಯಾಗಿತ್ತು. ಮುಂದಿನ ನಾಲ್ಕು ತಿಂಗಳಲ್ಲಿ ಎಕೋ, ಟ್ರೆಡ್‌ಮಿಲ್, ಥೈರಾಯ್ಡ್, ಕೊನೆಗೆ ಎಂಡೋಸ್ಕೋಪಿ. ಎಲ್ಲ ಸೇರಿ ಹದಿನೆಂಟು ಸಾವಿರ ರೂಪಾಯಿ. ಎಲ್ಲ ಕಡೆಯೂ ಒಂದೇ ಮಾತು: 'ನಿಮಗೆ ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬಹುದು, ಟೆನ್ಷನ್ ಮಾಡಿಕೊಳ್ಳಬೇಡಿ.' ಒಬ್ಬರು ಎದೆ ಬಡಿತ ಬಂದಾಗ ನುಂಗಲು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಯ ಪಟ್ಟಿ ಅಂದಿನಿಂದ ನನ್ನ ಅಂಗಿಯ ಜೇಬು ಬಿಟ್ಟಿರಲಿಲ್ಲ. ಆ ಕಥೆ ಮುಂದೆ ಬರುತ್ತದೆ.

ಈ ಪರೀಕ್ಷೆಗಳನ್ನು ನಾನು ದೂರುತ್ತಿಲ್ಲ. ಹೃದಯದ್ದೋ ಥೈರಾಯ್ಡಿನದ್ದೋ ತೊಂದರೆ ಇದ್ದರೂ ಇದೇ ರೀತಿ ಆಗಬಹುದು, ಅದನ್ನು ಮೊದಲು ನೋಡಲೇಬೇಕು. ಆದರೆ 'ಏನೂ ಇಲ್ಲ' ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ವಾರಕ್ಕೆ ಮೂರು ಸಲ ಸಾವಿನ ಬಾಗಿಲಿಗೆ ಹೋಗಿ ಬರುವವನಿಗೆ ಏನೂ ಇಲ್ಲ ಎಂದರೆ ಅವನು ಎಲ್ಲಿಗೆ ಹೋಗಬೇಕು?

ಅಮ್ಮ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ನಾಗನಿಗೆ ಆಶ್ಲೇಷ ಬಲಿ ಪೂಜೆ ಮಾಡಿಸಿದರು. ಅದೂ ಆಗಲಿ ಎಂದೆ. ನಂತರ ಪರಿಚಯದವರೊಬ್ಬರು ಹೇಳಿದ್ದಕ್ಕೆ ನಮ್ಮ ಜಿಲ್ಲೆಯಲ್ಲೇ ಒಬ್ಬ ಆಪ್ತಸಮಾಲೋಚಕರ ಬಳಿ ಹೋದೆ. ಇಲ್ಲಿ ನಾನು ಭಾಷೆಯ ವಿಷಯವನ್ನು ಹೇಳಲೇಬೇಕು, ಏಕೆಂದರೆ ಕಾಸರಗೋಡಿನವರಿಗೆ ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ನನಗೆ ಮನೆಯಲ್ಲಿ ಹವ್ಯಕ ಭಾಷೆ, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯ ಕಾಗದಗಳಲ್ಲಿ ಮಲಯಾಳ. ಮಲಯಾಳ ಚೆನ್ನಾಗಿಯೇ ಬರುತ್ತದೆ. ಸಾಲದ ಅರ್ಜಿ ತುಂಬಿಸುತ್ತೇನೆ, ಆಡಿಟರಿನ ಜೊತೆ ವಾದ ಮಾಡುತ್ತೇನೆ. ಆ ಸಮಾಲೋಚಕರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಮಲಯಾಳದಲ್ಲೇ 'ಎದೆಯಲ್ಲಿ ಸಂಕಟ' ಎಂದೆ. ನಮಗೆ ಸಂಕಟ ಎಂದರೆ ಎದೆ ಹಿಂಡುವುದು, ಹೊಟ್ಟೆ ತೊಳಸುವುದು, ಮೈಯಲ್ಲಿ ಆಗುವ ಯಾತನೆ. ಮಲಯಾಳದಲ್ಲಿ ಸಂಕಟಂ ಎಂದರೆ ದುಃಖ. ಅವರು ಎರಡು ಭೇಟಿಗಳಲ್ಲಿ ನನ್ನ ದುಃಖವನ್ನು ಹುಡುಕಿದರು. ಬಹಳ ಸೌಜನ್ಯದಿಂದ, ತಾಳ್ಮೆಯಿಂದ ಹುಡುಕಿದರು. ನಾನು ದುಃಖವಿಲ್ಲ ಎನ್ನುತ್ತಿದ್ದೆ, ಅವರು ಅದನ್ನು ಒಳಗೇ ಅದುಮಿಟ್ಟುಕೊಂಡಿದ್ದೀರಿ ಎನ್ನುತ್ತಿದ್ದರು. ಅವರಲ್ಲಿ ತಪ್ಪಿರಲಿಲ್ಲ. ನಾನು ಆಡಿದ ಪದವೇ ಅವರ ಕಿವಿಗೆ ಬೀಳುವಷ್ಟರಲ್ಲಿ ಬೇರೆ ಪದವಾಗಿತ್ತು. ಮೂಳೆ ಮುರಿದರೆ ಯಾವ ಭಾಷೆಯ ಡಾಕ್ಟರಾದರೂ ನಡೆಯುತ್ತದೆ, ಎಕ್ಸ್‌ರೇ ಮಾತನಾಡುತ್ತದೆ. ಇಲ್ಲಿ ನಿಮ್ಮ ಮಾತೇ ಎಕ್ಸ್‌ರೇ. ಆದ್ದರಿಂದ ಫೋನಿನಲ್ಲಿ ಸಮಯ ಕೇಳುವಾಗಲೇ 'ನಿಮಗೆ ಕನ್ನಡ ಬರುತ್ತದೆಯೇ' ಎಂದು ಕೇಳಿ. ಸಂಕೋಚ ಬೇಡ.

ಹೀಗೆ 2024ರ ಜುಲೈಯಲ್ಲಿ ಮಂಗಳೂರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೆ ಬಂದೆ. ಅವರ ಹೆಸರು ಬರೆಯುವುದಿಲ್ಲ. ನನಗೆ ಹೊಂದಿದವರು ನಿಮಗೆ ಹೊಂದಬೇಕೆಂದಿಲ್ಲ, ಮತ್ತು ನಾನು ಇಲ್ಲಿ ಹೇಳಬೇಕಾದದ್ದು ಆ ಕೋಣೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು. ಹೆಸರಿನ ಬದಲು ಹುಡುಕುವ ದಾರಿ ಹೇಳುತ್ತೇನೆ. ಭಾರತೀಯ ಪುನರ್ವಸತಿ ಪರಿಷತ್ತು 1992ರ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ಮಾಡುತ್ತದೆ. ನೋಂದಣಿ ಸಂಖ್ಯೆ ಕೇಳಿದರೆ ನಿಜವಾದವರು ಬೇಸರಿಸುವುದಿಲ್ಲ. ನಮ್ಮವರು ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಸೈಕಿಯಾಟ್ರಿಸ್ಟ್ ಎಂದರೆ ವೈದ್ಯಕೀಯ ಓದಿದ ಮನೋವೈದ್ಯರು, ಔಷಧ ಬರೆಯುವವರು ಅವರು. ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ. ಮಾತು, ಅಭ್ಯಾಸ, ಮನೆಗೆಲಸ, ಇಷ್ಟೇ ಅವರ ಉಪಕರಣ. ಸುಮ್ಮನೆ ಕೌನ್ಸೆಲರ್ ಎಂದು ಫಲಕ ಹಾಕಿಕೊಂಡವರ ಓದು ಏನು ಎಂಬುದನ್ನು ಕೇಳಿಯೇ ತಿಳಿಯಬೇಕು.

ಸ್ಥಳ ಬಲ್ಮಠದ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಲಿಫ್ಟ್ ಇಲ್ಲ. ಕಾಯುವ ಜಾಗ ಪಕ್ಕದ ಹಲ್ಲಿನ ಡಾಕ್ಟರಿಗೂ ಇವರಿಗೂ ಒಂದೇ. ಇದನ್ನು ಕೆಲವರು ಕುಂದು ಎನ್ನಬಹುದು. ಮೊದಲ ದಿನ ಊರಿನ ಪರಿಚಯದವರೊಬ್ಬರು ದವಡೆ ಹಿಡಿದುಕೊಂಡು ಅಲ್ಲೇ ಕುಳಿತಿದ್ದಾಗ ನನಗೆ ಅದು ಅನುಕೂಲವೇ ಆಯಿತು. ಒಂದು ಭೇಟಿಗೆ ಐವತ್ತು ನಿಮಿಷ, ಸಾವಿರ ರೂಪಾಯಿ. ಮೊದಲ ಭೇಟಿ ಮಾತ್ರ ಒಂದೂಕಾಲು ಗಂಟೆ, ಸಾವಿರದ ಇನ್ನೂರು. ನನ್ನಂಥ ಸಂಬಳದವನಿಗೆ ಇದು ಸಣ್ಣ ಮೊತ್ತವಲ್ಲ. ನನ್ನ ವಿಮೆಯಲ್ಲಿ ಹೊರರೋಗಿಯ ಖರ್ಚು ಸೇರಿರಲಿಲ್ಲ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೆ ಕೊಡುವಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಆಸ್ಪತ್ರೆಗೆ ದಾಖಲಾಗದೆ ಮಾತನಾಡಿ ಬರುವವನಿಗೆ ಅದರಿಂದ ಕೈಗೆ ಏನೂ ಬರಲಿಲ್ಲ.

ಮೊದಲ ಭೇಟಿಯಲ್ಲಿ ಮಂಚವಿರಲಿಲ್ಲ, ಕಣ್ಣು ಮುಚ್ಚಿಸಲಿಲ್ಲ. ಎರಡು ಬೆತ್ತದ ಕುರ್ಚಿ, ಮಧ್ಯೆ ಒಂದು ಸಣ್ಣ ಮೇಜು, ಅದರ ಮೇಲೆ ನೀರು, ಒಂದು ಗಡಿಯಾರ. ಗಡಿಯಾರ ಇಬ್ಬರಿಗೂ ಕಾಣುವ ಹಾಗೆ ಓರೆಯಾಗಿತ್ತು. ಅವರು ಮೊದಲು ಒಂದು ಕಾಗದ ಓದಿಸಿದರು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ನಿಮ್ಮ ಹೆಂಡತಿ ಫೋನು ಮಾಡಿ ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಎಂದು ಕಂಡರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಗೊತ್ತಾದರೆ, ನ್ಯಾಯಾಲಯ ಕೇಳಿದರೆ, ಆಗ ಹೇಳಬೇಕಾಗುತ್ತದೆ. ಈ ಗೌಪ್ಯತೆ ಅವರು ನನಗೆ ಮಾಡುವ ಉಪಕಾರವಲ್ಲ, ಅದೇ 2017ರ ಕಾಯ್ದೆ ಕೊಟ್ಟ ಹಕ್ಕು ಎಂದೂ ಹೇಳಿದರು. ಬ್ಯಾಂಕಿಗೆ ಗೊತ್ತಾದರೆ ನಗದು ಕೌಂಟರಿನಿಂದ ಎಬ್ಬಿಸುತ್ತಾರೆ ಎಂಬ ನನ್ನ ಹೆದರಿಕೆಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಕಾಗದ ಓದಿ ಮುಗಿಸಿದ ಮೇಲೆ ಹೇಳಿದೆ.

ಆಮೇಲೆ ಬರಿಯ ಪ್ರಶ್ನೆಗಳು. ನಿದ್ದೆ ಎಷ್ಟು, ಊಟ ಹೇಗೆ, ಕಾಫಿ ದಿನಕ್ಕೆ ಎಷ್ಟು ಲೋಟ, ಕುಡಿತ ಇದೆಯೇ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ, ಮೊದಲ ಸಲ ಆದ ದಿನ ಬೆಳಗ್ಗೆಯಿಂದ ಏನೇನು ಮಾಡಿದಿರಿ. ಎರಡು ಪ್ರಶ್ನಾವಳಿಗಳನ್ನು ತುಂಬಿಸಿದರು. ಒಂದರಲ್ಲಿ ಒಂಬತ್ತು ಪ್ರಶ್ನೆ, ಅದು ಖಿನ್ನತೆಯನ್ನು ಅಳೆಯಲು. ಇನ್ನೊಂದರಲ್ಲಿ ಏಳು, ಅದು ಆತಂಕಕ್ಕೆ. ಕಳೆದ ಎರಡು ವಾರಗಳಲ್ಲಿ ಇದು ಎಷ್ಟು ಸಲ ಕಾಡಿತು ಎಂದು ಸೊನ್ನೆಯಿಂದ ಮೂರರವರೆಗೆ ಗುರುತು ಹಾಕಬೇಕು. ಸಾಯುವುದೇ ವಾಸಿ ಎಂಬ ಯೋಚನೆ ಬಂದಿತ್ತೇ ಎಂಬ ಪ್ರಶ್ನೆ ಅದರಲ್ಲಿ ನೇರವಾಗಿಯೇ ಇದೆ. ಹಾಗೆ ಕೇಳಿದರೆಂದು ಬೆಚ್ಚಬೇಡಿ, ಎಲ್ಲರನ್ನೂ ಕೇಳುತ್ತಾರೆ. ಆತಂಕದಲ್ಲಿ ಇಪ್ಪತ್ತೊಂದಕ್ಕೆ ಹದಿನಾರು ಬಂತು, ಖಿನ್ನತೆಯಲ್ಲಿ ಇಪ್ಪತ್ತೇಳಕ್ಕೆ ಎಂಟು. ಸಂಕಟ ಮತ್ತು ಸಂಕಟಂ ಎರಡರ ನಡುವಿನ ಅಂತರ ನನಗೆ ಅಂಕಿಗಳಲ್ಲಿ ಕಂಡದ್ದು ಆಗ. ಕನ್ನಡ ಪ್ರಶ್ನಾವಳಿಯ ಭಾಷೆ ಮಾತ್ರ ಬಹಳ ಗಡುಸಾಗಿತ್ತು, ಎರಡು ಪ್ರಶ್ನೆಗಳನ್ನು ಅವರೇ ಬಿಡಿಸಿ ಹೇಳಬೇಕಾಯಿತು. ಅಮ್ಮನಂಥವರಿಗೆ ಅದನ್ನು ಕೈಗೆ ಕೊಟ್ಟರೆ ಕಷ್ಟ.

ಸಲಹೆ ಒಂದೂ ಸಿಗಲಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಸಾವಿರದ ಇನ್ನೂರು ಕೊಟ್ಟು ನನ್ನ ಕಥೆಯನ್ನು ನಾನೇ ಹೇಳಿ ಬಂದೆನಲ್ಲ ಎಂದು ರೈಲಿನಲ್ಲಿ ಲೆಕ್ಕ ಹಾಕಿದೆ. ಎರಡನೆಯ ಭೇಟಿಯೂ ಬಹುಪಾಲು ಹೀಗೆಯೇ ಹೋಯಿತು. ಆ ದಿನ ಕೊನೆಗೆ 'ಮೇಡಂ, ನಾನೇನು ಮಾಡಬೇಕು, ಅದನ್ನು ಹೇಳಿ' ಎಂದೇ ಕೇಳಿದೆ. ಅವರು ನಗಲಿಲ್ಲ, ಬೇಸರಿಸಲೂ ಇಲ್ಲ. 'ಹೇಳುತ್ತೇನೆ. ಆದರೆ ಅಳತೆ ತೆಗೆಯದೆ ಹೊಲಿದರೆ ಅಂಗಿ ನಿಮ್ಮದಾಗುವುದಿಲ್ಲ' ಎಂದರು. ಒಂದು ಪುಸ್ತಕ ಇಡಲು ಹೇಳಿದರು: ಹೀಗೆ ಎದೆ ಹೊಡೆದುಕೊಳ್ಳುವ ಆಘಾತ ಬಂದಾಗೆಲ್ಲ ಗಂಟೆ, ಜಾಗ, ಮೈಯಲ್ಲಿ ಆದದ್ದು, ಆ ಕ್ಷಣ ತಲೆಗೆ ಬಂದ ಮಾತು. ನಾನು ಬ್ಯಾಂಕಿನವನು, ನಾಲ್ಕು ಅಂಕಣ ಎಳೆದು ಲೆಡ್ಜರಿನ ಹಾಗೆ ಬರೆದೆ.

ಮೂರನೆಯ ಭೇಟಿಯಲ್ಲಿ ಆ ಪುಸ್ತಕ ಮಾತನಾಡಿತು. ನಾಲ್ಕನೇ ಅಂಕಣದಲ್ಲಿ ಪ್ರತಿ ಸಾಲಿನಲ್ಲೂ ಒಂದೇ ಮಾತಿತ್ತು: ಹಾರ್ಟ್ ನಿಲ್ಲುತ್ತದೆ. ಅವರು ಹಾಳೆಯ ಮೇಲೆ ಒಂದು ಸುತ್ತು ಬಿಡಿಸಿದರು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ಅದು ಮೆಟ್ಟಿಲು ಹತ್ತಿದ್ದಕ್ಕೂ ಇರಬಹುದು, ಕಾಫಿಗೂ ಇರಬಹುದು. ನೀವು ಅದನ್ನು ಸಾವು ಎಂದು ಓದುತ್ತೀರಿ. ಸಾವು ಎಂದು ಓದಿದ ಮೈ ಓಡಲು ಸಿದ್ಧವಾಗುತ್ತದೆ, ಎದೆ ಇನ್ನೂ ಜೋರಾಗುತ್ತದೆ, ಉಸಿರು ಹೆಚ್ಚಾಗುತ್ತದೆ. ಉಸಿರು ಅತಿಯಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಟ್ಟುತ್ತದೆ, ತಲೆ ತೇಲುತ್ತದೆ. ಅದನ್ನು ಕಂಡು ನೀವು ಮತ್ತೆ ಹೆದರುತ್ತೀರಿ. ಹೀಗೆ ಸುತ್ತು. ಆಮೇಲೆ ಹೇಳಿದರು: ಇದು ನಿಜವಾದ ಭಯ, ಆದರೆ ಎಚ್ಚರಿಕೆಯ ಗಂಟೆ ಸುಳ್ಳು. ಇದಕ್ಕೆ ಪ್ಯಾನಿಕ್ ಎಂದು ಹೆಸರಿದೆ. ಕೆಲವು ನಿಮಿಷಗಳಲ್ಲಿ ತುದಿಗೇರಿ ತಾನೇ ಇಳಿಯುತ್ತದೆ, ನೀವು ಏನೂ ಮಾಡದಿದ್ದರೂ ಇಳಿಯುತ್ತದೆ.

ನಾಲ್ಕು ತಿಂಗಳು ಆಸ್ಪತ್ರೆ ಸುತ್ತಿದವನಿಗೆ ಒಂದು ಹೆಸರು ಸಿಕ್ಕಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಅದಕ್ಕೇ ನಾಲ್ಕನೆಯ ಭೇಟಿ ಅಷ್ಟು ಪೆಟ್ಟು ಕೊಟ್ಟಿತು. ಆ ದಿನ ಅಪ್ಪನ ಮಾತು ಬಂತು. ಅಪ್ಪ ತೀರಿಕೊಂಡದ್ದು 2022ರ ಜುಲೈಯಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳು. ರಾತ್ರಿ ಹನ್ನೊಂದರ ಹೊತ್ತಿಗೆ ಎದೆ ನೋವು ಎಂದರು, ನಾನು ಜೀಪಿನಲ್ಲಿ ಮಂಗಳೂರಿಗೆ ಹೊರಟೆ, ಅಮ್ಮ ಹಿಂದೆ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಉಪ್ಪಳ ಸಮೀಪಿಸುವಾಗ ಅಮ್ಮ 'ನಿಲ್ಲಿಸು' ಎಂದರು. ಇಷ್ಟನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಉತ್ತರಕ್ರಿಯೆಯ ಹದಿಮೂರು ದಿನವೂ ಬಂದವರಿಗೆಲ್ಲ ಹೇಳಿದ್ದೇನೆ, ಒಂದು ಸಲವೂ ಕಣ್ಣು ಒದ್ದೆಯಾಗಿರಲಿಲ್ಲ. ಅಲ್ಲಿ ಅವರು 'ನೀವು ಆಗ ಎಲ್ಲಿ ನೋಡುತ್ತಿದ್ದಿರಿ?' ಎಂದು ಕೇಳಿದರು. ಯಾರೂ ಕೇಳದ ಪ್ರಶ್ನೆ. ನಾನು ಗಾಜಿನ ಮೇಲಿನ ವೈಪರ್ ನೋಡುತ್ತಿದ್ದೆ. ಹಿಂದೆ ತಿರುಗಿ ನೋಡುವ ಧೈರ್ಯವಾಗದೆ ವೈಪರ್ ನೋಡುತ್ತಾ ಕುಳಿತಿದ್ದೆ. ಅದನ್ನು ಹೇಳುತ್ತಿದ್ದಂತೆ ಅಳು ಬಂತು, ಗಡಿಯಾರದಲ್ಲಿ ಐವತ್ತು ನಿಮಿಷ ಆಗುವವರೆಗೂ ನಿಲ್ಲಲಿಲ್ಲ. ಅವರು ಐದು ನಿಮಿಷ ಹೆಚ್ಚು ಕೊಟ್ಟರು, ನೀರು ಕುಡಿಸಿದರು, ಇವತ್ತು ಮನೆಗೆ ಹೋದ ಮೇಲೆ ಭಾರದ ಕೆಲಸ ಇಟ್ಟುಕೊಳ್ಳಬೇಡಿ, ಒಂದೆರಡು ದಿನ ಮನಸ್ಸು ಕಲಕಿದಂತೆ ಇರಬಹುದು ಎಂದರು. ಎರಡಲ್ಲ, ನಾಲ್ಕು ದಿನ ಹಾಗೆ ಇತ್ತು. ಆ ವಾರ ಆಘಾತಗಳೂ ಹೆಚ್ಚಾದವು. ಗುಣವಾಗಲು ಹೋಗಿ ಹೆಚ್ಚು ಮಾಡಿಕೊಂಡೆ ಎಂದು ಹೆಂಡತಿಯ ಬಳಿ ಕೂಗಾಡಿದೆ. ಥೆರಪಿ ಶುರು ಮಾಡುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ: ಮಧ್ಯದಲ್ಲಿ ಒಂದು ಹಂತ ಮೊದಲಿಗಿಂತ ಕೆಟ್ಟದಾಗಿರಬಹುದು. ಆಗ ಬಿಟ್ಟುಬಿಡುವ ಬದಲು ಅದನ್ನೇ ಹೋಗಿ ಹೇಳಬೇಕು. ನಾನು ಹೋಗಿ ಜಗಳವನ್ನೇ ಆಡಿದೆ. ಅವರು ಕೇಳಿಸಿಕೊಂಡು, ಕಳೆದ ಸಲ ವೇಗ ಹೆಚ್ಚಾಯಿತು, ಅದು ನನ್ನದೇ ತಪ್ಪು ಎಂದು ಒಪ್ಪಿಕೊಂಡರು. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆ ಕ್ಷಣದಲ್ಲಿ.

ಅದೇ ಐದನೆಯ ಭೇಟಿಯಲ್ಲಿ, ಹೊರಡುವ ಮೊದಲು, ಅವರು ಸುಮ್ಮನೆ ಎಂಬಂತೆ ಕೇಳಿದರು: 'ನೀವು ಯಾವಾಗಲೂ ರೈಲಿನಲ್ಲೇ ಏಕೆ ಬರುತ್ತೀರಿ?' ಬದಿಯಡ್ಕದಿಂದ ಕುಂಬಳೆಗೆ ಬಸ್ಸು, ಅಲ್ಲಿಂದ ಮಂಗಳೂರಿಗೆ ರೈಲು, ನನ್ನ ರೂಢಿ. ಅಗ್ಗ, ಹೆದ್ದಾರಿಯ ಕೆಲಸದ ಧೂಳು ಇಲ್ಲ, ಹೊತ್ತಿಗೆ ಸರಿಯಾಗಿ ತಲುಪುತ್ತದೆ ಎಂದೆ. ಎಲ್ಲವೂ ನಿಜವೇ. ರೈಲು ನೇತ್ರಾವತಿ ಸೇತುವೆ ದಾಟುವಾಗ, ಕೆಳಗೆ ನೀರು ಕಾಣುವಾಗ, ಹೊಳೆಯಿತು. ಅಪ್ಪ ಹೋದ ಮೇಲೆ ಎರಡು ವರ್ಷಗಳಲ್ಲಿ ನಾನು ಒಂದು ಸಲವೂ ಹೆದ್ದಾರಿಯಲ್ಲಿ ಉಪ್ಪಳ ದಾಟಿರಲಿಲ್ಲ. ಮದುವೆಗಳಿಗೆ ಪೆರ್ಲದ ಮೇಲೆ ಸುತ್ತು ಹಾಕಿ ಹೋಗಿದ್ದೆ. ಮಂಗಳೂರಿನ ಆಸ್ಪತ್ರೆಗಳಿಗೂ ರೈಲಿನಲ್ಲೇ ಬಂದಿದ್ದೆ. ರೈಲೂ ಉಪ್ಪಳದ ಮೇಲೆಯೇ ಹೋಗುತ್ತದೆ, ಆದರೆ ಅದರ ಕಿಟಕಿಯಿಂದ ಆ ಜಾಗ ಕಾಣುವುದಿಲ್ಲ. ಹೀಗೊಂದು ಲೆಕ್ಕವನ್ನು ನನ್ನ ತಲೆ ಎರಡು ವರ್ಷ ಇಟ್ಟುಕೊಂಡಿತ್ತು, ನನಗೆ ತೋರಿಸದೆ.

ಮುಂದಿನದು ಕೆಲಸ. ಅದನ್ನು ಕೆಲಸ ಎಂದೇ ಕರೆಯಬೇಕು, ಬರಿಯ ಮಾತುಕತೆ ಅಲ್ಲ. ಆ ಕೋಣೆಯಲ್ಲೇ ನನ್ನನ್ನು ಒಂದು ನಿಮಿಷ ಬೇಕೆಂದೇ ಜೋರಾಗಿ ಉಸಿರಾಡಿಸಿದರು. ಬೆರಳು ಜುಮುಗುಟ್ಟಿತು, ತಲೆ ತೇಲಿತು, ಸಾಯಲಿಲ್ಲ. ನಿಂತಲ್ಲೇ ಓಡಿಸಿದರು. ತೆಳ್ಳಗಿನ ಸ್ಟ್ರಾ ಬಾಯಿಗಿಟ್ಟು ಅದರಲ್ಲೇ ಉಸಿರಾಡಿಸಿದರು. ತಾನೂ ಜೊತೆಗೆ ಮಾಡಿದರು. ಮನೆಯಲ್ಲಿ ದಿನಕ್ಕೆ ಎರಡು ಸಲ ಅದನ್ನೇ ಮಾಡಬೇಕು. ಅಡಿಕೆ ಒಣಹಾಕುವ ಅಂಗಳದಲ್ಲಿ ನಾನು ನಿಂತಲ್ಲೇ ಓಡುವುದನ್ನು ಕಂಡು ಅಮ್ಮ ಒಳಗಿನಿಂದ 'ಮಾಣಿ, ಏನು ಮಾಡುತ್ತಿದ್ದೀ' ಎಂದು ಗಾಬರಿಯಿಂದ ಕೂಗಿದ್ದರು. ಹೃದಯ ಪರೀಕ್ಷೆಯ ವರದಿಗಳನ್ನು ನೋಡಿ, ವೈದ್ಯರ ಒಪ್ಪಿಗೆ ಇದೆಯೆಂದು ಖಚಿತ ಮಾಡಿಕೊಂಡ ಮೇಲೆಯೇ ಅವರು ಇದನ್ನು ಮಾಡಿಸಿದ್ದು. ಇದನ್ನು ಓದಿ ಯಾರೂ ತಾವೇ ಶುರು ಮಾಡಬೇಡಿ.

ಜೇಬಿನ ಮಾತ್ರೆಯ ಪಟ್ಟಿ ಏಳನೆಯ ಭೇಟಿಯಲ್ಲಿ ಮೇಜಿನ ಮೇಲೆ ಬಂತು. ಹತ್ತರಲ್ಲಿ ಆರು ಮಾತ್ರೆ ಹಾಗೆಯೇ ಇದ್ದವು. ಅದನ್ನು ನುಂಗಿದ್ದಕ್ಕಿಂತ ಮುಟ್ಟಿ ನೋಡಿದ್ದೇ ಹೆಚ್ಚು. ಅದು ಜೇಬಿನಲ್ಲಿದ್ದರೆ ಮಾತ್ರ ಬದುಕಿರುತ್ತೇನೆ ಎಂಬ ನಂಬಿಕೆಯೇ ಹೆದರಿಕೆಯನ್ನು ಸಾಕುತ್ತಿದೆ ಎಂದು ಅವರು ತೋರಿಸಿದರು. ಆದರೆ ಬಿಟ್ಟುಬಿಡಿ ಎನ್ನಲಿಲ್ಲ. ಔಷಧದ ಮಾತು ತನ್ನದಲ್ಲ ಎಂದು ಒಬ್ಬ ಮನೋವೈದ್ಯರಿಗೆ ಚೀಟಿ ಬರೆದರು. ಆ ವೈದ್ಯರು ವಿವರಿಸಿದ್ದು ನನಗೆ ಬಹಳ ಉಪಯೋಗವಾಯಿತು. ತಕ್ಷಣ ಶಮನ ಮಾಡುವ ಆ ಬಗೆಯ ಮಾತ್ರೆಗೆ ದಿನವೂ ತೆಗೆದುಕೊಂಡರೆ ಅವಲಂಬನೆ ಬೆಳೆಯಬಹುದು. ಖಿನ್ನತೆಗೂ ಆತಂಕಕ್ಕೂ ಕೊಡುವ ಇನ್ನೊಂದು ಬಗೆ ಬೇರೆ, ಅದು ನಿಧಾನವಾಗಿ, ಕೆಲವು ವಾರಗಳಲ್ಲಿ ಕೆಲಸ ಮಾಡುತ್ತದೆ, ಚಟ ಹಿಡಿಸುವಂಥದ್ದಲ್ಲ, ಆದರೆ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ನನ್ನ ವಿಷಯದಲ್ಲಿ ಸದ್ಯಕ್ಕೆ ಬೇಡ, ಥೆರಪಿ ಮುಂದುವರಿಯಲಿ ಎಂದರು. ಇನ್ನೊಬ್ಬರಿಗೆ ಬೇಕಾಗಬಹುದು, ಅದರಲ್ಲಿ ಸೋಲೇನೂ ಇಲ್ಲ. ಪಟ್ಟಿ ಜೇಬಿನಿಂದ ಚೀಲಕ್ಕೆ ಹೋಯಿತು, ಚೀಲದಿಂದ ಬ್ಯಾಂಕಿನ ಡ್ರಾಯರಿಗೆ, ಅಲ್ಲಿಂದ ಮನೆಯ ಕಪಾಟಿಗೆ. ಒಂದೊಂದು ಹೆಜ್ಜೆಗೂ ಎರಡೆರಡು ವಾರ ಹಿಡಿಯಿತು.

ಕುಂದುಗಳನ್ನೂ ಹೇಳಬೇಕು. ಒಂದು ಸಲ ನಮ್ಮಲ್ಲಿ ಹರತಾಳ, ಬಸ್ಸಿಲ್ಲ, ಹಿಂದಿನ ರಾತ್ರಿ ಹತ್ತಕ್ಕೆ ಸುದ್ದಿ ತಿಳಿದು ಸಂದೇಶ ಕಳಿಸಿದೆ. ಇಪ್ಪತ್ತನಾಲ್ಕು ಗಂಟೆ ಮೊದಲು ಹೇಳಲಿಲ್ಲ ಎಂದು ಅರ್ಧ ಹಣ ಹಿಡಿದರು. ನಿಯಮ ಮೊದಲ ದಿನದ ಕಾಗದದಲ್ಲೇ ಇತ್ತು, ಒಪ್ಪುತ್ತೇನೆ. ಆದರೆ ಗಡಿಯಾಚೆಯಿಂದ ಬರುವವರಿಗೆ ಹರತಾಳವನ್ನು ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಯುವ ದಾರಿ ಕೆಲವೊಮ್ಮೆ ಇರುವುದಿಲ್ಲ. ಇದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ರಸೀದಿಯನ್ನು ಪ್ರತಿ ಸಲವೂ ನಾನೇ ಕೇಳಿ ಪಡೆಯಬೇಕಾಯಿತು. ಮಳೆ ಜೋರಾದ ಎರಡು ವಾರ ವೀಡಿಯೋ ಕರೆಯಲ್ಲಿ ಮಾಡಿದೆವು. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಸಿಗುವ ಜಗಲಿಯಲ್ಲಿ ಕುಳಿತರೆ ಮನೆಯವರಿಗೆಲ್ಲ ಕೇಳುತ್ತದೆ. ಗುಡ್ಡದ ಮೇಲೆ ನೀರಿನ ಸುರಂಗದ ಬಾಯಿಯ ಹತ್ತಿರ, ಕೊಡೆ ಹಿಡಿದುಕೊಂಡು ಕುಳಿತು ಮಾತನಾಡಿದೆ. ನಡುನಡುವೆ ಅವರ ಮುಖ ನಿಂತುಬಿಡುತ್ತಿತ್ತು. ದೂರದವರಿಗೆ ಇದು ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಮೊದಲ ನಾಲ್ಕೈದು ಭೇಟಿಗಳಿಗಾದರೂ ಎದುರೆದುರು ಕುಳಿತುಕೊಳ್ಳಿ.

ಹಣದ ಅನುಕೂಲ ಇಲ್ಲದವರಿಗೆ ಎರಡು ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯರ ಚಿಕಿತ್ಸೆ ಸಿಗುತ್ತದೆ, ಕೇಳಿ ನೋಡಿ. ಇನ್ನೊಂದು, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್. ಸಂಖ್ಯೆ 14416, ಹಗಲು ರಾತ್ರಿ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿರುವವರು ವಾರದ ಭೇಟಿಯ ಸಮಯಕ್ಕಾಗಿ ಕಾಯಬೇಡಿ. ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಹೆದ್ದಾರಿಯ ಹೆದರಿಕೆ ಬಿಡಿಸಲು ಸುಲಭದಿಂದ ಕಷ್ಟಕ್ಕೆ ಹೋಗುವ ಮೆಟ್ಟಿಲುಗಳ ಒಂದು ಪಟ್ಟಿಯನ್ನು, ಬಸ್ಸಿನ ಏಣಿಯನ್ನು, ಮೇಡಂ ಮತ್ತು ನಾನು ಸೇರಿ ಬರೆದೆವು. ಮೊದಲ ಮೆಟ್ಟಿಲು ಕುಂಬಳೆಯಿಂದ ಎರಡು ನಿಲ್ದಾಣ ಮುಂದೆ, ಬಾಗಿಲ ಹತ್ತಿರದ ಸೀಟು. ಎರಡನೆಯದು ಒಳಗಿನ ಸೀಟು. ಆಮೇಲೆ ಉಪ್ಪಳದವರೆಗೆ ಹೆಂಡತಿಯ ಜೊತೆ, ಆಮೇಲೆ ಒಬ್ಬನೇ, ಆಮೇಲೆ ಉಪ್ಪಳದಲ್ಲಿ ಇಳಿದು ಹದಿನೈದು ನಿಮಿಷ ನಿಲ್ಲುವುದು, ಕೊನೆಗೆ ತಲಪಾಡಿ ದಾಟಿ ಮಂಗಳೂರಿನವರೆಗೆ. ಎದೆ ಹೊಡೆದುಕೊಂಡರೆ ಇಳಿಯಬಾರದು, ನೀರು ಕುಡಿಯಬಾರದು, ದೇವರ ಹೆಸರು ಹೇಳುತ್ತಾ ಗಮನ ತಪ್ಪಿಸಿಕೊಳ್ಳಲೂ ಬಾರದು. ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕುಳಿತಿರಬೇಕು. ಮೂರನೆಯ ಮೆಟ್ಟಿಲಿನಲ್ಲಿ ಸೋತು ಇಳಿದೆ. ಅದನ್ನೂ ಪುಸ್ತಕದಲ್ಲಿ ಬರೆದೆ. ಮರುವಾರ ಮತ್ತೆ ಅದೇ ಮೆಟ್ಟಿಲು.

ಉಪ್ಪಳದಲ್ಲಿ ಒಬ್ಬನೇ ಇಳಿದದ್ದು ಡಿಸೆಂಬರಿನಲ್ಲಿ. ಜೀಪು ನಿಲ್ಲಿಸಿದ್ದ ಜಾಗವನ್ನು ಹುಡುಕಿದೆ. ಬಾಗಿಲು ಹಾಕಿದ್ದ ಒಂದು ಅಂಗಡಿ, ಅದರ ಮುಂದೆ ತಗಡಿನ ಮಾಡು, ಅಷ್ಟು ಮಾತ್ರ ನೆನಪಿತ್ತು. ಆರು ಪಥದ ರಸ್ತೆಗಾಗಿ ಅಲ್ಲಿದ್ದದ್ದನ್ನೆಲ್ಲ ತೆಗೆದಿದ್ದರು. ಕೆಂಪು ಮಣ್ಣು, ಕಬ್ಬಿಣದ ಸರಳು, ಕಾಂಕ್ರೀಟಿನ ಗೋಡೆ. ಎರಡು ವರ್ಷ ನಾನು ಸುತ್ತು ಹಾಕಿ ತಪ್ಪಿಸಿಕೊಂಡ ಜಾಗ ಯಾವತ್ತೋ ಇಲ್ಲವಾಗಿತ್ತು. ಹದಿನೈದು ನಿಮಿಷ ನಿಂತೆ. ಎದೆ ಹೊಡೆದುಕೊಂಡಿತು, ಇಳಿಯಿತು. ಅಪ್ಪನಿಗೆ ಅಲ್ಲೇ ನಿಂತು ಒಂದು ಮಾತು ಹೇಳಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಬಸ್ಸು ಹಿಡಿದು ಮಂಗಳೂರಿಗೆ ಹೋದೆ.

ಹದಿನಾಲ್ಕನೆಯ ಭೇಟಿ 2025ರ ಫೆಬ್ರವರಿಯಲ್ಲಿ. ಮೊದಲು ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ಆಮೇಲೆ ಎರಡು ತಿಂಗಳಿಗೆ ಒಂದಾಗಿತ್ತು. ಆತಂಕದ ಅಂಕ ಐದಕ್ಕೆ ಇಳಿದಿದೆ. ಆಘಾತ ಈಗಲೂ ಅಪರೂಪಕ್ಕೆ ಬರುತ್ತದೆ, ಕಳೆದ ತಿಂಗಳು ಒಂದು ಬಂತು, ಕೌಂಟರಿನಲ್ಲಿ ಕುಳಿತಲ್ಲೇ ನೋಟು ಎಣಿಸುತ್ತಾ ಕಳೆದೆ. ಮತ್ತೆ ಹೆಚ್ಚಾಗುವ ಲಕ್ಷಣಗಳೇನು, ಆಗ ಏನು ಮಾಡಬೇಕು ಎಂಬುದನ್ನು ನನ್ನದೇ ಕೈಬರಹದಲ್ಲಿ ಒಂದು ಹಾಳೆಯಲ್ಲಿ ಬರೆಸಿ ಕಳಿಸಿದರು. ಮೊದಲ ಸಾಲು: ರೈಲಿಗೇ ಹೋಗೋಣ ಎಂದು ಮನಸ್ಸು ಹೇಳಲು ಶುರು ಮಾಡುವುದು.

ಆ ಹಾಳೆಯನ್ನು ಅಮ್ಮ ಓದಿದರು. ನಾನು ಮೇಜಿನ ಮೇಲೆ ಬಿಟ್ಟಿದ್ದೆ. ಪ್ರಶ್ನೆ ಇಡಿಸಿದ ದಿನದಿಂದ ನನ್ನ ಮಂಗಳೂರು ಓಡಾಟದ ಬಗ್ಗೆ ಒಂದು ಮಾತೂ ಆಡದಿದ್ದವರು, ಮರುದಿನ ಅಡಿಕೆ ಹೆಕ್ಕುತ್ತಾ ತಲೆ ಎತ್ತದೆಯೇ ಕೇಳಿದರು: 'ಆ ಮೇಡಂ ನನ್ನಂಥ ಮುದುಕಿಯರನ್ನೂ ನೋಡುತ್ತಾರೆಯೇ? ಅವತ್ತು ಹಿಂದಿನ ಸೀಟಿನಲ್ಲಿ ಇದ್ದದ್ದು ನಾನಲ್ಲವೇ.' ನನ್ನ ಎದೆಬಡಿತವನ್ನು ಅಳೆಯುತ್ತಾ ಒಂದೂಕಾಲು ವರ್ಷ ಕಳೆದ ನಾನು, ಅಮ್ಮ ಆ ರಾತ್ರಿ ತೊಡೆಯ ಮೇಲೆ ಏನನ್ನು ಹೊತ್ತಿದ್ದರು ಎಂದು ಒಂದು ಸಲವೂ ಕೇಳಿರಲಿಲ್ಲ.

ಫೋನು ಮಾಡಿದೆ. ಒಂದೇ ಮನೆಯ ಇಬ್ಬರನ್ನು ತಾನೇ ನೋಡುವುದು ಸರಿಯಲ್ಲ, ನಿಮ್ಮ ಅಮ್ಮನಿಗೆ ಅವರದೇ ಆದ ಒಬ್ಬರು ಬೇಕು ಎಂದು ಅವರು ತಮ್ಮ ಸಹೋದ್ಯೋಗಿಯೊಬ್ಬರ ಹೆಸರು ಕೊಟ್ಟರು. ಕನ್ನಡ ಬರುತ್ತದೆಯೇ ಎಂದು ಮೊದಲು ಕೇಳಿದೆ. ಬರುತ್ತದೆ, ಹವ್ಯಕವೂ ಅರ್ಥವಾಗುತ್ತದೆ ಎಂದರು. ಬರುವ ಶನಿವಾರ ಹತ್ತೂವರೆಗೆ ಸಮಯ ಸಿಕ್ಕಿದೆ. ಪ್ರಶ್ನಾವಳಿಯನ್ನು ಓದಿ ಹೇಳಲು ನಾನು ಒಳಗೆ ಬರಬಹುದೇ ಎಂದು ಕೇಳಿದ್ದಕ್ಕೆ ಬೇಡ, ನಾವೇ ಓದುತ್ತೇವೆ ಎಂದಿದ್ದಾರೆ. ನಾನು ಹೊರಗೆ ಕುಳಿತಿರುತ್ತೇನೆ. ಮೆಟ್ಟಿಲು ಹತ್ತುವಾಗ ಅಮ್ಮನ ಮಂಡಿಗೆ ಕಷ್ಟ, ಸ್ವಲ್ಪ ಬೇಗನೇ ಹೊರಡಬೇಕು.